ಕಲ್ಲು ಹೋದಲ್ಲಿ ನೀರು

ಸ್ಟೋನಿ ಸ್ಟ್ಯಾಂಟನ್ನಿನ ಕಲ್ಲುಕುಟಿಗರಿಗೆ ನೀರು ಶತ್ರುವಾಗಿತ್ತು. ಇಂಗ್ಲೆಂಡಿನ ನಡುಭಾಗದಲ್ಲಿ, ಲೆಸ್ಟರ್‌ಶೈರಿನ ಈ ಹಳ್ಳಿಯಲ್ಲಿ, ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲೇ ಬಂಡೆ ಒಡೆಯುವ ಕೆಲಸ ಶುರುವಾಯಿತು. ಆಳಕ್ಕೆ ಹೋದಂತೆ ಬುಗ್ಗೆಯ ನೀರು ಒಸರತೊಡಗಿತು. ಕಲ್ಲು ಬೇಕೆಂದರೆ ನೀರನ್ನು ಎತ್ತಿ ಹೊರಗೆ ಚೆಲ್ಲುತ್ತಲೇ ಇರಬೇಕು. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಜಗಳ ನಡೆಯಿತು. 1958ರಲ್ಲಿ ಗಣಿ ಮುಚ್ಚಿತು, ಪಂಪುಗಳು ನಿಂತವು, ನೀರು ಮೆಲ್ಲಗೆ ಏರುತ್ತ ಬಂತು. ಜನ ದಿನಾ ಇಳಿದು ಹತ್ತುತ್ತಿದ್ದ ದಾರಿ, ಕಲ್ಲು ಹೇರಿಕೊಂಡು ಗಾಡಿಗಳು ಸಾಗಿದ್ದ ಮಟ್ಟಗಳು ಎಲ್ಲವೂ ಅದರಡಿ ಸೇರಿದವು. ಇವತ್ತು ಆ ಹೊಂಡಕ್ಕೆ ಸ್ಟೋನಿ ಕೋವ್ ಎಂದು ಹೆಸರು. ಬ್ರಿಟನ್ನಿನಲ್ಲಿ ಸ್ಕೂಬಾ ಕಲಿತವರಲ್ಲಿ ಬಹಳಷ್ಟು ಜನ ಒಂದಲ್ಲ ಒಂದು ಸಲ ಇಲ್ಲಿ ಮುಳುಗೆದ್ದವರೇ.

ಇಲ್ಲಿಂದ ಹೋದ ಕಲ್ಲು ಇಂಗ್ಲೆಂಡಿನ ಊರುಗಳ ಬೀದಿಗೆ ಚೌಕುಗಲ್ಲಾಗಿ, ಚರಂಡಿಯ ಅಂಚಿಗೆ ಉದ್ದಗಲ್ಲಾಗಿ ಕೂತಿದೆ. ಊರಿನವರು ಅದನ್ನು ಗ್ರಾನೈಟ್ ಎಂದೇ ಕರೆಯುತ್ತಾರೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಡಯೊರೈಟ್ ಜಾತಿಯ ಅಗ್ನಿಶಿಲೆ, ವಯಸ್ಸು ಸುಮಾರು 45 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಎನ್ನುತ್ತಾರೆ. ಹಾಗೆ ನೋಡಿದರೆ ಇದು ಎಳೆಯ ಕಲ್ಲು. ನಾನು ಕಾರ್ಕಳದವಳು. 1432ರಲ್ಲಿ ಎದ್ದುನಿಂತ 42 ಅಡಿಯ ಗೊಮ್ಮಟನನ್ನು ನೋಡುತ್ತ ಬೆಳೆದವಳಿಗೆ ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ಕಲ್ಲಿನ ಮೇಲೆ ಕಣ್ಣು ಹೋಗುತ್ತದೆ. ಹಾಗಾಗಿ ಏಪ್ರಿಲಿನ ಒಂದು ಶನಿವಾರ ಬೆಳಿಗ್ಗೆ ಕಾರಿನಿಂದಿಳಿದವಳು ನೀರಿಗಿಂತ ಮೊದಲು ನೋಡಿದ್ದು ಸುತ್ತಲಿನ ಗೋಡೆಯನ್ನು. ಬೂದು ಮತ್ತು ಗುಲಾಬಿ ಬೆರೆತ ನೆಟ್ಟಗಿನ ಬಂಡೆ. ಅದರ ಬುಡದಿಂದಲೇ ಕಡುಹಸಿರು ನೀರು.

ನಾವು ಬಂದಿದ್ದು ಬರ್ಮಿಂಗ್‌ಹ್ಯಾಮಿನಿಂದ. ಜೊತೆಗಿದ್ದವರು ದಾವಣಗೆರೆಯ ಒಬ್ಬ ಡಾಕ್ಟರು, ಅವರ ಯಜಮಾನರು, ಮತ್ತು ಕಂಪ್ಯೂಟರ್ ಕೆಲಸಕ್ಕೆಂದು ಬಂದು ಇಲ್ಲೇ ನೆಲೆನಿಂತ ಧಾರವಾಡದ ಹುಡುಗ. ಡಾಕ್ಟರು ಅರಿವಳಿಕೆ ತಜ್ಞೆ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರ ಉಸಿರು ಕಾಯುವುದೇ ಅವರ ಕೆಲಸ. ಅವರ ಯಜಮಾನರಿಗೆ ನೀರಿಗಿಳಿಯುವ ಆಸೆಯೇ ಇಲ್ಲ. ಫ್ಲಾಸ್ಕಿನ ಕಾಫಿ, ಡಬ್ಬಿಯ ಪುಳಿಯೋಗರೆ, ನಾವು ಇಳಿದ ಹೊತ್ತು ಮತ್ತು ಹೊರಬರಬೇಕಾದ ಹೊತ್ತನ್ನು ಬರೆದಿಡಲು ಒಂದು ಪುಟ್ಟ ಪುಸ್ತಕ, ಇಷ್ಟನ್ನು ಹಿಡಿದು ದಡದಲ್ಲಿ ಕೂರುವುದು ಅವರ ಪಾಲು. ಇಳಿಯುವವರಷ್ಟೇ ಮುಖ್ಯ ದಡದಲ್ಲಿ ಗಡಿಯಾರ ನೋಡುವವರು ಎಂದು ನನಗೆ ಮನದಟ್ಟಾಗಿರುವುದು ಅವರಿಂದಲೇ.

ಧಾರವಾಡದ ಹುಡುಗ ಸ್ಕೂಬಾದ ರುಚಿ ಹತ್ತಿಸಿಕೊಂಡದ್ದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ. ಇಲ್ಲಿನ ನೀರಿಗೆ ಕೈ ಅದ್ದಿ ನೋಡಿ ಥಟ್ಟನೆ ಎಳೆದುಕೊಂಡ.

"ಅಕ್ಕಾರ, ನೇತ್ರಾಣಿ ಒಳಗ ಜಳಕದ ನೀರು ಇದ್ದಂಗ ಇತ್ರಿ. ಇಲ್ಲಿ ಬಳ್ಳು ಸೆಟದ ಹೋದವಲ್ರಿ!"

"ಈಗಲೇ ಹೇಳಿಬಿಡಪ್ಪ, ಬ್ಯಾಡ ಅನ್ಸಿದ್ರೆ ಮೇಲೇ ಇರಬಹುದು. ಯಾರೂ ಏನೂ ಅನ್ನಲ್ಲ" ಎಂದರು ಡಾಕ್ಟರು. ಈ ಮಾತನ್ನು ಅವರು ಪ್ರತಿ ಸಲ, ಪ್ರತಿಯೊಬ್ಬರಿಗೂ ಹೇಳುತ್ತಾರೆ. ಬೇಡ ಎನ್ನುವ ಹಕ್ಕು ಕೊನೆಯ ಗಳಿಗೆಯವರೆಗೂ ಎಲ್ಲರಿಗೂ ಇದೆ, ಕಾರಣವನ್ನೂ ಕೇಳುವಂತಿಲ್ಲ. ಸ್ಕೂಬಾದ ನಿಯಮಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ.

ಸಿಹಿನೀರಿನ ಲೆಕ್ಕ ಕಡಲಿನ ಲೆಕ್ಕವಲ್ಲ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಭಾರ, ಹಾಗಾಗಿ ಮೈಯನ್ನು ಹೆಚ್ಚು ತೇಲಿಸುತ್ತದೆ. ಅಲ್ಲಿ ಮುಳುಗಲು ಬೇಕಾದಷ್ಟು ಸೀಸದ ತೂಕ ಇಲ್ಲಿ ಕಟ್ಟಿಕೊಂಡರೆ ಗುಂಡು ಹಾಕಿದ ಹಾಗೆ ಕೆಳಗಿಳಿಯಬೇಕಾಗುತ್ತದೆ. ಹುಡುಗನ ಸೊಂಟಪಟ್ಟಿಯಿಂದ ಸೀಸ ತೆಗೆದೆವು. ಆದರೆ ಚಳಿಗಾಗಿ ಹಾಕಿಕೊಂಡ, ನೀರು ಒಳಸೇರದ ಒಣಸೂಟಿನೊಳಗೆ ಉಣ್ಣೆಯ ಬಟ್ಟೆ, ಅದರೊಳಗೆ ಗಾಳಿ. ಆ ಗಾಳಿಯನ್ನು ಮುಳುಗಿಸಲು ಮತ್ತೆ ಸೀಸ ಸೇರಿಸಿದೆವು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಮೈಯ ಶಾಖ ಹೀರುತ್ತದೆ. ಆದ್ದರಿಂದ ಏಪ್ರಿಲಿನಲ್ಲಿ ಇಲ್ಲಿ ಒಣಸೂಟು ಶೋಕಿಯ ಮಾತಲ್ಲ.

ಆಮೇಲೆ ಜೋಡಿ ಪರೀಕ್ಷೆ. ಜೊತೆಗಾರರ ಕವಾಟ ನಾನು ತಿರುಗಿಸಿ ನೋಡಬೇಕು, ನನ್ನ ಬಕಲ್ಲು ಅವರು ಎಳೆದು ನೋಡಬೇಕು. ಗೇಜಿನ ಮುಳ್ಳನ್ನು ನೋಡುತ್ತ ಬಾಯಿಗೆ ಕಚ್ಚುವ ರೆಗ್ಯುಲೇಟರಿನಿಂದ ಉಸಿರೆಳೆಯಬೇಕು; ಎಳೆದಾಗ ಮುಳ್ಳು ಅಲುಗಿದರೆ ಸಿಲಿಂಡರಿನ ಬಾಯಿ ಪೂರ್ತಿ ತೆರೆದಿಲ್ಲವೆಂದು ಅರ್ಥ. ಪ್ರತಿಯೊಬ್ಬರ ಎದೆಯ ಮೇಲೂ ಹಳದಿ ಕೊಳವೆಯ ಇನ್ನೊಂದು ರೆಗ್ಯುಲೇಟರ್ ಸಿಕ್ಕಿಸಿರುತ್ತದೆ. ಅದು ಹಾಕಿಕೊಂಡವರಿಗಲ್ಲ, ಜೊತೆಗಾರರಿಗೆ. ಹೊತ್ತ ಗಾಳಿಯಲ್ಲಿ ಇನ್ನೊಬ್ಬರಿಗೂ ಪಾಲಿದೆ ಎಂದು ಎಲ್ಲರ ಕಣ್ಣಿಗೆ ಬೀಳುವಂತೆ ಬಣ್ಣ ಹಚ್ಚಿ ಹೊತ್ತುಕೊಂಡು ಇಳಿಯುವುದು ಇಲ್ಲಿನ ಕ್ರಮ.

ಇಳಿದೆವು.

ನೇತ್ರಾಣಿಯಲ್ಲಿ ಬಣ್ಣ ಬಣ್ಣದ ಮೀನು ಕಣ್ಣಿಗೆ ಬಂದು ಹೊಡೆಯುತ್ತವೆ. ಇಲ್ಲಿ ಮೊದಲು ಏನೂ ಕಾಣುವುದಿಲ್ಲ. ಹಸಿರು, ಹಸಿರಿನಾಚೆ ಇನ್ನಷ್ಟು ಹಸಿರು, ಅದರಲ್ಲಿ ತೇಲುವ ಸಣ್ಣ ಕಣಗಳು. ನಿಧಾನಕ್ಕೆ ಗೋಡೆ ಮೂಡುತ್ತದೆ. ಐದಾರು ಮೀಟರು ಇಳಿಯುವಷ್ಟರಲ್ಲಿ ನನ್ನ ಕೈಗವಸಿನ ಕೆಂಪು ಪಟ್ಟಿ ಕಂದಾಯಿತು, ಇನ್ನೂ ಇಳಿದರೆ ಬೂದು. ನೀರು ಮೊದಲು ನುಂಗುವುದು ಕೆಂಪನ್ನೇ. ಮುಖಕ್ಕೆ ಕಟ್ಟಿದ ಗಾಜಿನಿಂದ ನೋಡಿದಾಗ ಪ್ರತಿಯೊಂದೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಸದ್ದಂತೂ ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುವುದರಿಂದ ಎರಡೂ ಕಿವಿಗೆ ಒಟ್ಟಿಗೇ ಬಂದಂತಾಗಿ, ಯಾವ ಕಡೆಯಿಂದ ಬಂತೆಂದು ಗೊತ್ತಾಗುವುದಿಲ್ಲ. ಕಣ್ಣು ಕಿವಿ ಎರಡೂ ಹೀಗೆ ಮೋಸ ಹೋಗುವ ಜಾಗದಲ್ಲಿ ಮನುಷ್ಯ ನಂಬಬಹುದಾದದ್ದು ಮಣಿಕಟ್ಟಿನ ಮೀಟರು ಮತ್ತು ಪಕ್ಕದಲ್ಲಿರುವವರ ಗುಳ್ಳೆ, ಅಷ್ಟೇ.

ಸ್ಟೋನಿ ಕೋವ್ ಒಂದೇ ಸಮನೆ ಆಳವಾಗುವ ಹೊಂಡವಲ್ಲ. ಆರೇಳು ಮೀಟರಿನಲ್ಲಿ ಒಂದು ಅಗಲವಾದ ಮಟ್ಟ, ಗೋಡೆಯಿಂದ ಜಾರಿದರೆ ಇಪ್ಪತ್ತರ ಆಸುಪಾಸಿನಲ್ಲಿ ಇನ್ನೊಂದು, ಅದರಾಚೆ ಸುಮಾರು 35 ಮೀಟರಿನ ತಳ. ಕಲ್ಲು ತೆಗೆದವರು ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದರ ಗುರುತು ಅದು. ಮೊದಲ ಮಟ್ಟದ ಅಂಚಿಗೆ ಬಂದು ಕೆಳಗಿನ ಕತ್ತಲನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ದೇವಸ್ಥಾನಗಳ ಕಲ್ಯಾಣಿ. ನಾಲ್ಕೂ ಕಡೆ ಅಂಚು, ಅಂಚಿನ ಕೆಳಗೆ ಅಂಚು, ನಡುವೆ ನೀರು. ನೋಟಕ್ಕೆ ಒಂದೇ. ಆದರೆ ಕಲ್ಯಾಣಿ ಕಟ್ಟಿದವರ ಲೆಕ್ಕದಲ್ಲಿ ಮೆಟ್ಟಿಲಿರುವುದು ಮನುಷ್ಯನಿಗೆ. ನೀರು ಎಷ್ಟೇ ಏರಲಿ ಇಳಿಯಲಿ, ಮುದುಕಿಯೂ ಮಗುವೂ ಪಾದ ಊರಿ ನೀರು ಮುಟ್ಟಿ ಪಾದ ಊರಿಯೇ ವಾಪಸು ಬರಬೇಕು. ಗಣಿಯ ಮೆಟ್ಟಿಲು ಕಲ್ಲು ಮೇಲೆ ಬರಲೆಂದು ಆದದ್ದು. ಒಂದು ಮಟ್ಟದಿಂದ ಇನ್ನೊಂದಕ್ಕೆ ಮನೆಯೊಂದು ಮುಳುಗುವಷ್ಟು ಎತ್ತರದ ನೆಟ್ಟನೆ ಗೋಡೆ. ಕೆಲಸ ಮುಗಿದ ಮೇಲೆ ಯಾರಾದರೂ ಅದನ್ನು ಹತ್ತಿ ಬರಬೇಕಾದೀತು ಎಂಬ ಯೋಚನೆಗೆ ಅಲ್ಲಿ ಜಾಗವಿರಲಿಲ್ಲ.

ಎರಡನೇ ಮಟ್ಟದಲ್ಲಿ ಸ್ಟೇನ್‌ಗಾರ್ಥ್ ಮಲಗಿದೆ. 1910ರಲ್ಲಿ ಕಟ್ಟಿದ ಎಳೆದೋಣಿ, ಅಂದರೆ ಬೇರೆ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುವಂಥದ್ದು. ಆಯುಷ್ಯ ತೀರಿದ ಮೇಲೆ, ಮುಳುಗುಗಾರರು ಅಭ್ಯಾಸ ಮಾಡಲೆಂದು ಅದನ್ನು ಶುಚಿಮಾಡಿ 2000ನೇ ಇಸವಿಯ ಜೂನ್‌ನಲ್ಲಿ ಇಲ್ಲಿ ಮುಳುಗಿಸಿದರು. ಹಸಿರಿನೊಳಗಿಂದ ಮೊದಲು ಒಂದು ನೆರಳು, ಆಮೇಲೆ ಮೂತಿ, ಆಮೇಲೆ ಚಾಲಕನ ಕೋಣೆಯ ಕಿಟಕಿ. ಕಬ್ಬಿಣದ ಮೇಲೆ ತೆಳ್ಳನೆ ಹೂಳು. ಕಿಟಕಿಯಲ್ಲಿ ಪರ್ಚ್ ಮೀನುಗಳ ಹಿಂಡು, ಬೆನ್ನಿನಿಂದ ಇಳಿದ ಕಪ್ಪು ಪಟ್ಟಿಗಳು. ಟಾರ್ಚು ಹಾಕಿದಾಗ ರೆಕ್ಕೆಯ ಕೆಂಪು ಒಮ್ಮೆಗೇ ಹೊತ್ತಿಕೊಂಡಿತು. ಬೆಳಕು ತೆಗೆದರೆ ಮತ್ತೆ ಬೂದು. ಹುಡುಗ ದೋಣಿಯ ಕಟಕಟೆ ಹಿಡಿದು ಆ ಆಟವನ್ನೇ ನೋಡುತ್ತಿದ್ದ.

ಮಣಿಕಟ್ಟಿನ ಮೀಟರು 7 ಡಿಗ್ರಿ ತೋರಿಸುತ್ತಿತ್ತು. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಹಾಗಾಗಿ ಚಳಿಗಾಲದ ತಣ್ಣೀರು ಹೊಂಡದ ತಳದಲ್ಲಿ ಕೂತುಬಿಡುತ್ತದೆ, ಬೇಸಿಗೆಯಲ್ಲಿ ಮೇಲ್ಗಡೆ ಬೆಚ್ಚಗಾದರೂ ಕೆಳಗಿನದು ಅಷ್ಟು ಬೇಗ ಜಗ್ಗುವುದಿಲ್ಲ. ಈ ಚಳಿ ಯಂತ್ರಕ್ಕೂ ತಟ್ಟುತ್ತದೆ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ರೆಗ್ಯುಲೇಟರಿನಲ್ಲಿ ಒಮ್ಮೆಗೇ ಹಿಗ್ಗುವಾಗ ವಿಪರೀತ ತಣ್ಣಗಾಗುತ್ತದೆ. ಸುತ್ತಲಿನ ನೀರೂ ತಣ್ಣಗಿದ್ದರೆ ಕವಾಟದ ಬಳಿ ಮಂಜು ಕಟ್ಟಿ, ಕವಾಟ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತದೆ. ಹುಡುಗನಿಗೆ ಆದದ್ದು ಇದೇ. ಅವನ ಬಾಯಿಂದ ಬಿಳಿ ಗುಳ್ಳೆಗಳು ಭೋರೆಂದು ನುಗ್ಗಿದವು. ಗುಳ್ಳೆಗಳ ಹಿಂದೆ ಅವನ ಮುಖವೇ ಕಾಣದಾಯಿತು.

ಅಷ್ಟು ಗಾಳಿ ಹೊರಚೆಲ್ಲಿದರೆ ಸಿಲಿಂಡರು ಬರಿದಾಗಲು ಕೆಲವು ನಿಮಿಷ ಸಾಕು. ಅವನು ಕೈಯನ್ನು ಕತ್ತಿನ ಮುಂದೆ ಅಡ್ಡಡ್ಡ ಆಡಿಸಿದ. ಗಾಳಿ ಇಲ್ಲ ಎಂಬ ಸನ್ನೆ ಅದು. ಅಷ್ಟರಲ್ಲಿ ನನ್ನ ಎದೆಯ ಹಳದಿ ಕೊಳವೆ ಅವನ ಕೈಯಲ್ಲಿತ್ತು. ಕೊಟ್ಟದ್ದು ನಾನೋ, ಕಿತ್ತುಕೊಂಡದ್ದು ಅವನೋ, ಇಬ್ಬರಿಗೂ ಈಗ ಹೇಳಲಾಗದು. ನನ್ನ ಬಲಗೈ ಅವನ ಭುಜದ ಪಟ್ಟಿ ಹಿಡಿದಿತ್ತು, ಅವನ ಬಲಗೈ ನನ್ನದನ್ನು. ಡಾಕ್ಟರು ಹಿಂದಿನಿಂದ ಬಂದು ಅವನ ಸಿಲಿಂಡರಿನ ಕವಾಟ ತಿರುಗಿಸಿ ಮುಚ್ಚಿದರು. ಗದ್ದಲ ಗಪ್ಪನೆ ನಿಂತಿತು. ಈಗ ಕಂಡವು ಅವನ ಕಣ್ಣು, ಗಾಜಿನ ಹಿಂದೆ ಅಗಲವಾಗಿ ತೆರೆದು ನನ್ನನ್ನೇ ನೋಡುತ್ತಿದ್ದವು. ನಾನು ಉಸಿರು ಬಿಟ್ಟೆ, ಅವನು ಬಿಟ್ಟ. ಎಳೆದೆ, ಎಳೆದ. ಇಬ್ಬರು ಒಂದೇ ಸಿಲಿಂಡರಿನಿಂದ ಉಸಿರಾಡುವಾಗ ಗೇಜಿನ ಮುಳ್ಳು ಎಷ್ಟು ಬೇಗ ಇಳಿಯುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಇಪ್ಪತ್ತು ಮೀಟರಿನಲ್ಲಿ ಒತ್ತಡ ನೆಲದ ಮೇಲಿನದರ ಮೂರರಷ್ಟು, ಪ್ರತಿ ಉಸಿರಿಗೂ ಮೂರರಷ್ಟು ಗಾಳಿ ಬೇಕು. ಓದಿದ್ದು ಬೇರೆ. ಅವನ ಉಸಿರಿಗೆ ನನ್ನ ಕೊಳವೆ ನಡುಗುವುದು ನನ್ನ ಎದೆಗೇ ತಿಳಿಯುತ್ತಿತ್ತು.

ಓಡಿ ಮೇಲೆ ಬರುವಂತಿಲ್ಲ. ಒತ್ತಡದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ಮೆಲ್ಲಗೆ ಹೊರಹೋಗಬೇಕು, ಅವಸರ ಮಾಡಿದರೆ ಮೈಯೊಳಗೇ ಗುಳ್ಳೆ ಕಟ್ಟುತ್ತದೆ. ಗೋಡೆಯನ್ನು ಹಿಡಿದು ಮಟ್ಟದಿಂದ ಮಟ್ಟಕ್ಕೆ ಬಂದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಬೇರೆ ದಿನಗಳಲ್ಲಿ ಬೇಸರ ಹುಟ್ಟಿಸುವ ಆ ಮೂರು ನಿಮಿಷದಲ್ಲಿ ಹುಡುಗ ನನ್ನ ಪಟ್ಟಿಯನ್ನು ಬಿಡಲೂ ಇಲ್ಲ, ಬಿಗಿಯಾಗಿ ಎಳೆಯಲೂ ಇಲ್ಲ. ಅವನ ಮೈ ಸಮಾಧಾನಕ್ಕೆ ಬಂದದ್ದು ಆ ಹಿಡಿತದಲ್ಲೇ ಗೊತ್ತಾಯಿತು.

ದಡದಲ್ಲಿ ಯಜಮಾನರು ಪುಸ್ತಕದಲ್ಲಿ ಹೊತ್ತು ಬರೆದುಕೊಂಡರು, ಮೂರು ಲೋಟಕ್ಕೆ ಕಾಫಿ ಬಗ್ಗಿಸಿದರು. ಏನಾಯಿತೆಂದು ಕೇಳಲಿಲ್ಲ. ನಮ್ಮ ಮುಖ ಓದಿಕೊಂಡಿದ್ದರು.

"ಡಾಕ್ಟ್ರ, ನಾ ಗಾಬರಿ ಆಗಿದ್ದೆರಿ" ಎಂದ ಹುಡುಗ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು.

"ಆಗ್ಲೇಬೇಕು ಕಣೋ. ಗಾಬರಿ ಆದ್ರೂ ಕಲ್ತಿದ್ದನ್ನ ಮಾಡಿದ್ಯಲ್ಲ, ಅದಕ್ಕೇ ಕಲಿಯೋದು" ಎಂದರು ಅವರು. ಆಮೇಲೆ ಎಂದಿನಂತೆ ಪಾಠಕ್ಕಿಳಿದರು. ಹೀಗೆ ತಡೆದು ತಡೆದು ಮೇಲೆ ಬರಬೇಕೆಂಬ ಲೆಕ್ಕ ಹಾಕಿಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ, 1908ರಲ್ಲಿ ಮೊದಲ ಕೋಷ್ಟಕ ಪ್ರಕಟಿಸಿದರು. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ಕೂಡ ಎರಡನೇ ಮಹಾಯುದ್ಧದ ಕಾಲದಲ್ಲಿ, ಮುಳುಗಿದ ಸಬ್‌ಮರೀನಿನಿಂದ ನಾವಿಕರು ಪಾರಾಗುವ ಬಗೆ ಹುಡುಕಲು ಅಂಥ ಕೋಣೆಯಲ್ಲಿ ತಾವೇ ಕೂತವರು. 1957ರಲ್ಲಿ ಭಾರತಕ್ಕೆ ಬಂದರು, ಅಲ್ಲಿನ ಪೌರರಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮ ಮಣಿಕಟ್ಟಿನ ಮೀಟರು ಕ್ಷಣಕ್ಷಣಕ್ಕೂ ಹಾಕುವ ಲೆಕ್ಕದ ಬೇರು ಆ ತಂದೆಯ ಕೋಷ್ಟಕದಲ್ಲಿದೆ. ತಮ್ಮ ಮೈಯನ್ನೇ ಒಡ್ಡಿಕೊಂಡ ಅಂಥವರಿಂದಾಗಿ ಕಾಫಿ ಕುಡಿಯುತ್ತ ಕೂತಿದ್ದೇವೆಂದು ನನಗೆ ನಿಜವಾಗಿಯೂ ಅನ್ನಿಸಿತು.

ಆ ಸಂಜೆ ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯಲ್ಲಿ ಊಟ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರದಬ್ಬಿದ ಗುಜರಾತಿಗಳಲ್ಲಿ ಸಾವಿರಾರು ಜನ ಬಂದು ನೆಲೆಸಿದ ಊರು ಅದು. ಬಿಸಿ ಕಢಿ, ಖಿಚಡಿ. ಹಲ್ಲಿನ ನಡುಕ ಅಲ್ಲಿ ನಿಂತಿತು.

ಭಾನುವಾರ ಹುಡುಗ ಮತ್ತೆ ಇಳಿಯುತ್ತಾನೋ ಇಲ್ಲವೋ ಎಂದುಕೊಂಡಿದ್ದೆವು. ರೆಗ್ಯುಲೇಟರ್ ಬದಲಿಸಿಕೊಂಡು ಎಲ್ಲರಿಗಿಂತ ಮೊದಲೇ ಸಿದ್ಧನಾಗಿದ್ದ. ಅಂದು ಮೇಲಿನ ಮಟ್ಟದಲ್ಲೇ ಇರುವುದೆಂದು ಮಾತಾಯಿತು. ಅಲ್ಲಿ ನನಗೆ ನೋಡಬೇಕಾದದ್ದೊಂದಿತ್ತು. 2003ರಲ್ಲಿ ಥೇಮ್ಸ್ ಅಳಿವೆಯ ಹಡಗುದಾರಿಯನ್ನು ಶುಚಿಗೊಳಿಸುವಾಗ ಒಂದನೇ ಎಲಿಜಬೆತ್ ರಾಣಿಯ ಕಾಲದ ವ್ಯಾಪಾರಿ ಹಡಗೊಂದರ ಅವಶೇಷ ಸಿಕ್ಕಿತು. ಅದರ ಒಂದು ಫಿರಂಗಿಯ ಮೇಲೆ, ಲಂಡನ್ನಿನ ರಾಯಲ್ ಎಕ್ಸ್‌ಚೇಂಜ್ ಸ್ಥಾಪಿಸಿದ ಥಾಮಸ್ ಗ್ರೆಶಮ್‌ನ ಗುರುತಿತ್ತು. ಹಾಗಾಗಿ ಅದಕ್ಕೆ ಗ್ರೆಶಮ್ ಹಡಗೆಂದು ಹೆಸರಾಯಿತು. ಆ ಮರದ ಒಡಲಿನ ತುಂಡುಗಳನ್ನು 2012ರಲ್ಲಿ ಇಲ್ಲಿ ತಂದು ಮುಳುಗಿಸಿದ್ದಾರೆ. ಕಡಲಿನಲ್ಲಿ ಹಡಗಿನ ಮರ ಕೊರೆದು ತಿನ್ನುವ ಹುಳ ಸಿಹಿನೀರಿನಲ್ಲಿ ಬದುಕದು. ಕಡಲೇ ಕಾಣದ ಈ ಬಯಲು ನಾಡಿನ ಹೊಂಡ ನಾನೂರು ವರ್ಷ ದಾಟಿದ ಹಡಗಿಗೆ ಕಡಲಿಗಿಂತ ಸುರಕ್ಷಿತ. ಒಂದು ತೊಲೆಯ ಹತ್ತಿರ ತೇಲಿ ನಿಂತೆ. ಮುಟ್ಟಲಿಲ್ಲ, ಯಾರೂ ಮುಟ್ಟಬಾರದು. ಮರದ ಎಳೆಗಳು ಕಾಣುತ್ತಿದ್ದವು, ಮೊಳೆ ಹೊಡೆದ ತೂತುಗಳು ಕಾಣುತ್ತಿದ್ದವು. ಅದರ ನೆರಳಿನಲ್ಲಿ ತೋಳುದ್ದದ ಪೈಕ್ ಮೀನೊಂದು ಅಲುಗದೆ ನಿಂತಿತ್ತು, ಬಾತಿನ ಕೊಕ್ಕಿನಂಥ ಚಪ್ಪಟೆ ಮೂತಿ ನಮ್ಮ ಕಡೆಗೆ ತಿರುಗಿಸಿ. ನಾವು ಮೂವರೂ ಅದರ ಮುಂದೆ ಎಷ್ಟೋ ಹೊತ್ತು ಉಳಿದೆವು. ಕೆಳಗೆ ಹೂಳಿನಲ್ಲಿ ಸಿಗಡಿಯ ಬಳಗದ ಸಿಹಿನೀರಿನ ಕ್ರೇಫಿಶ್ ಒಂದು ಇಕ್ಕಳ ಎತ್ತಿಕೊಂಡು ಹಿಮ್ಮುಖ ನಡೆಯುತ್ತಿತ್ತು.

ಮಧ್ಯಾಹ್ನ ನೀರಿನ ಅಂಚಿನಲ್ಲೇ ಇರುವ ಪಬ್ಬಿನಲ್ಲಿ ಪಕ್ಕದ ಮೇಜಿನ ಮುದುಕರೊಬ್ಬರು ಮಾತಿಗೆ ಸಿಕ್ಕಿದರು. ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕ ಕಾಲದಲ್ಲಿ, ಅಂದರೆ ಕಳೆದ ಶತಮಾನದ ಅರವತ್ತು ಎಪ್ಪತ್ತರ ದಶಕಗಳಲ್ಲಿ, ಕಡಲ ತಳದ ಕೊಳವೆಗಳಲ್ಲಿ ಕೆಲಸ ಮಾಡುವ ಮುಳುಗುಗಾರರಿಗೆ ಇಲ್ಲಿ ತರಬೇತಿ ಕೊಡುತ್ತಿದ್ದರು. ಈ ಅಜ್ಜ ಆ ಕಾಲದವರು. ಆಗ ಸುತ್ತ ಏನಿತ್ತು ಎಂದು ಕೇಳಿದೆ. ಕೆಸರು ಮತ್ತು ಕಲ್ಲು, ಎಂದರು. ಬೇಸಿಗೆಯಲ್ಲಿ ಹುಡುಗರು ಮೇಲಿನಿಂದ ಹಾರುತ್ತಿದ್ದರಂತೆ. ಮತ್ತೆ ಇದೆಲ್ಲ ಯಾವಾಗ ಬಂತು ಎಂದು ನಾನು ಕೈ ತೋರಿಸಿದೆ: ನೀರಿಗಿಳಿಯುವ ಕಾಂಕ್ರೀಟಿನ ಇಳಿಜಾರು, ಕಬ್ಬಿಣದ ಹಿಡಿ, ಆಮ್ಲಜನಕದ ಪೆಟ್ಟಿಗೆ ಇಟ್ಟ ಕೋಣೆ, ಯಾರು ಇಳಿದರು ಯಾರು ಬಂದರು ಎಂದು ನೋಡಿಕೊಳ್ಳುವ ಜನ. ಅವರು ಸ್ವಲ್ಪ ಯೋಚಿಸಿ, ಒಂದೇ ದಿನ ಬಂದದ್ದಲ್ಲ, ಪ್ರತಿಯೊಂದರ ಹಿಂದೆಯೂ ಏನೋ ಒಂದು ನಡೆದಿರುತ್ತದೆ ಎಂದರು. ಹೆಚ್ಚು ಹೇಳಲಿಲ್ಲ. ಇಲ್ಲಿಯೂ ಜೀವ ಹೋಗಿದೆ ಎಂದು ಅರ್ಥ ಮಾಡಿಕೊಂಡೆ.

ಆ ಮಾತು ಕೇಳಿದಾಗಿನಿಂದ ನನ್ನ ಮನಸ್ಸು ಸ್ಟೋನಿ ಕೋವಿನಲ್ಲಿ ನಿಲ್ಲಲಿಲ್ಲ.

ನಮ್ಮ ಮನೆಯಿಂದ ಮೈಲಿಯೊಳಗೆ ಒಂದು ಕಲ್ಲುಕೋರೆ ಇತ್ತು. ನಾನು ಚಿಕ್ಕವಳಿದ್ದಾಗ ಮಧ್ಯಾಹ್ನದ ಹೊತ್ತಿಗೆ ಕೆಂಪು ಬಾವುಟ ಹಿಡಿದ ಒಬ್ಬಾತ ಮಾರ್ಗದಲ್ಲಿ ನಿಂತು ಕೂಗುತ್ತಿದ್ದ. ಸಿಡಿಮದ್ದಿನ ಸದ್ದಿಗೆ ಮನೆಯ ಹಂಚು ಅದುರುತ್ತಿತ್ತು. ದೂರದ ಊರುಗಳಿಂದ ಬಂದ ಸಂಸಾರಗಳು ಶೀಟು ಹೊದಿಸಿದ ಜೋಪಡಿಗಳಲ್ಲಿದ್ದವು. ಹೆಂಗಸರು ತಲೆಯ ಮೇಲೆ ಜಲ್ಲಿ ಹೊರುತ್ತಿದ್ದರು. ಒಂದು ವರ್ಷ ಕೆಲಸ ನಿಂತಿತು. ಜೋಪಡಿಗಳು ಹೋದವು, ಯಂತ್ರಗಳು ಹೋದವು, ಹೊಂಡ ಮಾತ್ರ ಉಳಿಯಿತು. ಆಟಿ ತಿಂಗಳ ಮಳೆಗೆ ಅದು ತುಂಬಿದಾಗ ಎಷ್ಟು ಚಂದ ಕಂಡಿತೆಂದರೆ, ಊರಿನವರೆಲ್ಲ ನೋಡಲು ಹೋದರು. ನಮ್ಮ ಶಾಲೆಯ ಒಬ್ಬ ಹುಡುಗ ಸ್ನೇಹಿತರ ಜೊತೆ ಈಜಲು ಹೋದ. ಅವನಿಗೆ ಈಜು ಬರುತ್ತಿತ್ತು, ಹೊಳೆಯಲ್ಲಿ ಆಚೆ ದಡ ಮುಟ್ಟಿ ಬರುತ್ತಿದ್ದವನು. ಅವನು ಹೇಗೆ ಮುಳುಗಿದ ಎಂದು ಆಗ ಯಾರಿಗೂ ಅರ್ಥವಾಗಲಿಲ್ಲ. ಅದಕ್ಕೊಂದು ಭೂತದ ಕಥೆಯೂ ಹುಟ್ಟಿಕೊಂಡಿತು.

ಈಗ ನನಗೆ ಗೊತ್ತಿದೆ. ಹೊಳೆಗೆ ದಡವಿದೆ, ಕೋರೆಗಿಲ್ಲ. ಹೊಳೆಯ ನೆಲ ಮೆಲ್ಲಗೆ ಇಳಿಯುತ್ತದೆ, ಸುಸ್ತಾದಾಗ ಕಾಲು ಊರಲು ಸಿಗುತ್ತದೆ. ಕೋರೆಯಲ್ಲಿ ಅಂಚಿನಿಂದ ಒಂದು ಹೆಜ್ಜೆ ಆಚೆಗೇ ಐದಾರು ಆಳು ಆಳ. ಗೋಡೆ ನೆಟ್ಟಗೆ, ಅದರ ಮೇಲೆ ಪಾಚಿ, ಬೆರಳು ಸಿಕ್ಕಿಸಲು ಸಂದಿಲ್ಲ.   ಗೆಳೆಯನನ್ನು ಎತ್ತಲು ಹಾರಿದ ಎರಡನೆಯವನಿಗೂ ಇದೇ ಗತಿ. ಸುದ್ದಿಪತ್ರಿಕೆಗಳಲ್ಲಿ ಮಳೆಗಾಲದಿಂದ ಬೇಸಿಗೆಯವರೆಗೂ ಬರುವ ಸುದ್ದಿಗಳಲ್ಲಿ ಒಬ್ಬನ ಹೆಸರಿನ ಜೊತೆ ಇನ್ನೊಬ್ಬನ ಹೆಸರು, ಎಷ್ಟೋ ಸಲ ಅಣ್ಣತಮ್ಮಂದಿರ ಹೆಸರು ಇರುವುದು ಅದಕ್ಕೇ. ಬಟ್ಟೆ ಒಗೆಯಲು ಹೋದ ತಾಯಿ, ಕಾಲು ಜಾರಿದ ಮಗಳು, ಎಮ್ಮೆ ಮೈ ತೊಳೆಯಲು ಹೋದ ಮುದುಕ. ಕಲ್ಲು ತೆಗೆದವರು ಲಾಭ ತೆಗೆದುಕೊಂಡು ಹೋಗಿರುತ್ತಾರೆ. ಹೊಂಡಕ್ಕೆ ಯಜಮಾನ ಇಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯ. ಆ ಕಲ್ಲಿನಿಂದ ಆದ ರಸ್ತೆಯಲ್ಲಿ ಓಡಾಡುವವರು, ಆ ಜಲ್ಲಿಯಿಂದ ಎದ್ದ ಮನೆಯಲ್ಲಿ ಮಲಗುವವರು ನಾವೆಲ್ಲರೂ ಆಗಿರುವಾಗ, ಬಿಟ್ಟುಹೋದ ಹೊಂಡ ಮಾತ್ರ ಅಲ್ಲಿ ಹತ್ತಿರ ಮನೆಯಿದ್ದ ಬಡವರ ಮಕ್ಕಳ ಪಾಲಿಗೆ.

ಎಲ್ಲ ಕೋರೆಯನ್ನೂ ಸ್ಟೋನಿ ಕೋವ್ ಮಾಡಲು ಬರುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಸ್ಕೂಬಾ ದುಬಾರಿ ಹವ್ಯಾಸ, ನಮ್ಮ ಹಳ್ಳಿಯ ಹುಡುಗರಿಗೆ ಬೇಕಾಗಿರುವುದು ಅದಲ್ಲ. ಶನಿವಾರ ನಮ್ಮ ಹುಡುಗ ಉಳಿದದ್ದು ಬೆಲೆಬಾಳುವ ಸಾಮಾನಿನಿಂದಲ್ಲ, ಬೆಲೆಬಾಳುವ ಸಾಮಾನೇ ಅಲ್ಲಿ ಕೈಕೊಟ್ಟಿತ್ತು. ಮುಂಚೆಯೇ ಯಾರೋ ಯೋಚಿಸಿಟ್ಟಿದ್ದರಿಂದ ಉಳಿದ: ಕೈಗೆ ಸಿಗುವ ಕಡೆ ಇನ್ನೊಂದು ಕೊಳವೆ, ಪಕ್ಕದಲ್ಲಿ ಇಬ್ಬರು, ದಡದಲ್ಲಿ ಗಡಿಯಾರ ನೋಡುವವರು. ಇದನ್ನೇ ಕೋರೆಯ ಭಾಷೆಗೆ ಇಳಿಸಿದರೆ ಬಹಳ ಖರ್ಚಿನದೇನೂ ಆಗುವುದಿಲ್ಲ ಎಂದು ಕಾರಿನಲ್ಲಿ ವಾಪಸು ಬರುವಾಗ ಮಾತಾಯಿತು. ಧಾರವಾಡದ ಹುಡುಗ ಹಿಂದಿನ ಸೀಟಿನಿಂದ ಒಂದೊಂದೇ ಹೇಳುತ್ತ ಹೋದ, ಡಾಕ್ಟರು ತಿದ್ದುತ್ತ ಹೋದರು, ಯಜಮಾನರು ಹೊತ್ತು ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು.

ಮಾರನೆಯ ದಿನ ತಮ್ಮನಿಗೆ ಫೋನು ಮಾಡಿದೆ. ಅವನು ಕಾರ್ಕಳದಲ್ಲೇ ಇದ್ದಾನೆ.

"ಆ ಕೋರೆಗೆ ಈಗ ಬೇಲಿ ಉಂಟಾ?"

"ಒಂದು ಬದಿ ತಗಡು ಹಾಕಿದ್ದಾರೆ ಅಕ್ಕ. ಬೋರ್ಡೂ ಉಂಟು. ಮಕ್ಕಳು ಮತ್ತೊಂದು ಬದಿಯಿಂದ ಹೋಗ್ತಾರೆ ಮಾರಾಯ್ತಿ, ಅವರಿಗೆ ದಾರಿ ಕಾಣಿಸ್ಲಿಕ್ಕೆ ಯಾರು ಬೇಕು?"

"ಹಾಗಾದ್ರೆ ಹೋಗೋ ಬದಿಯಲ್ಲೇ ಏನಾದ್ರೂ ಮಾಡ್ಬೇಕು."

ಪುಸ್ತಕದ ಹಾಳೆ ಓದಿ ಹೇಳಿದೆ. ಮಕ್ಕಳು ಇಳಿಯುವ ಕಡೆ ನೀರು ಕೆಳಗಿಳಿದಾಗಲೂ ಕಾಲಿಗೆ ಸಿಗುವಷ್ಟು ದೂರ ಮೆಟ್ಟಿಲು. ಉಳಿದ ಮೂರು ಗೋಡೆಗೆ ಅಲ್ಲಲ್ಲಿ ಗಂಟು ಹಾಕಿದ ಹಗ್ಗ, ಒಂದು ತುದಿ ಬಂಡೆಗೆ ಬಿಗಿದು, ಇನ್ನೊಂದು ನೀರಿನಲ್ಲಿ ತೇಲುವಂತೆ. ಗಾಳಿ ತುಂಬಿದ ಲಾರಿ ಟ್ಯೂಬು ಎರಡು, ಉದ್ದನೆಯ ಬಿದಿರಿನ ಗಳ ಒಂದು, ಮುಳುಗುವವನನ್ನು ಕಂಡವರು ಹಾರದೆ ಇದನ್ನು ಚಾಚಲಿ ಎಂದು. ಹತ್ತಿರದ ಶಾಲೆಯಲ್ಲಿ ವರ್ಷಕ್ಕೊಮ್ಮೆ ಅದನ್ನು ಹೇಗೆ ಚಾಚುವುದೆಂದು ಮಕ್ಕಳಿಂದಲೇ ಮಾಡಿಸಿ ನೋಡುವುದು.

ತಮ್ಮ ಪೂರ್ತಿ ಕೇಳಿದ. ಮೆಟ್ಟಿಲಿಗೆ ಜಾಗದ ಪಹಣಿ ಯಾರ ಹೆಸರಲ್ಲಿದೆ ನೋಡಬೇಕು, ಪಂಚಾಯತಿಗೆ ಅರ್ಜಿ ಕೊಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ಆದರೆ ಹಗ್ಗಕ್ಕೂ ಟ್ಯೂಬಿಗೂ ಯಾರ ಸಹಿಯೂ ಬೇಡ ಎಂದ. ಟಯರು ಅಂಗಡಿಯವನು ಅವನ ಸ್ನೇಹಿತ. ಮಳೆ ಶುರುವಾಗುವ ಮೊದಲೇ ಹಾಕಿಸುತ್ತೇನೆ, ಹಗ್ಗದ ದಪ್ಪ ಎಷ್ಟಿರಬೇಕು ಹೇಳು ಎಂದು ಕೇಳಿದ. ಮಗುವಿನ ಮುಷ್ಟಿಗೆ ಸಿಗುವಷ್ಟು, ಎಂದೆ.